ಚಪ್ಪಲಿ ಮೆಟ್ಟಿದ ಮೇಲೆ ಬರುವ ಅಭಿಪ್ರಾಯ

ನಮ್ಮ ಕಡೆ ಯಾರ ಮನೆಗೆ ಹೋಗಿ ಏನೇ ಕೇಳಿದರೂ ಮೊದಲು ಬರುವ ಉತ್ತರ "ಛಲೋ ಅದರಿ" ಎಂಬುದೇ. ಈ ಸರ್ವೆ ಕೆಲಸಕ್ಕೆ ಹೊಸದಾಗಿ ಸೇರುವವರು ಬೇರೆ ಏನನ್ನು ಮರೆತರೂ ಇದನ್ನು ಮರೆಯಬಾರದು. ಮನೆಗೆ ಬಂದವನು ಏನನ್ನಾದರೂ ಮುಂದಿಟ್ಟು ಹೇಗಿದೆ ಎಂದು ಕೇಳಿದರೆ, ಅದು ಅವನದೇ ವಸ್ತು ಎಂದು ಇಲ್ಲಿಯವರು ತಿಳಿಯುತ್ತಾರೆ. ಚಹಾ ಕೊಟ್ಟಿರುತ್ತಾರೆ, ಫ್ಯಾನನ್ನು ನಿಮ್ಮ ಕಡೆಗೆ ತಿರುಗಿಸಿರುತ್ತಾರೆ. ಅದರ ಮೇಲೆ ನಿಮ್ಮ ವಸ್ತು ಕೆಟ್ಟದ್ದಿದೆ ಎನ್ನಲು ಅವರಿಗೆ ನಾಲಿಗೆ ಏಳುವುದಿಲ್ಲ. ನಿಜವಾದ ಅಭಿಪ್ರಾಯ ಬರುವುದು ನೀವು ಎದ್ದು, ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿದ ಮೇಲೆ. ಆಗ ನೀವು ಅತಿಥಿಯಲ್ಲ, ದಾರಿಯಲ್ಲಿ ಸಿಕ್ಕ ಪರಿಚಿತ. ಆದ್ದರಿಂದ ಚಪ್ಪಲಿ ಹಾಕಿಕೊಳ್ಳುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳಿ. ನಾನು ಇದಕ್ಕಾಗಿಯೇ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಗಳನ್ನೇ ಕೊಳ್ಳುತ್ತಿದ್ದೆ.

ಇಡೀ ನೌಕರಿಯನ್ನು ನಾನು ಮಂದಿಯ ಅಭಿಪ್ರಾಯ ಕೇಳುವುದರಲ್ಲಿ ಕಳೆದೆ. ಆಳಂದ, ಅಫಜಲಪುರ, ಜೇವರ್ಗಿ ನನ್ನ ಪಾಲಿಗೆ ಬಂದ ತಾಲ್ಲೂಕುಗಳು. ಯಡ್ರಾಮಿ ಬೇರೆ ತಾಲ್ಲೂಕಾದ ಮೇಲೂ ನನ್ನ ಪಾಲಿನಲ್ಲೇ ಉಳಿಯಿತು. ಮೊದಲು ಸಾಬೂನು, ಚಹಾಪುಡಿ, ಬಿತ್ತನೆ ಬೀಜ, ಟಿ.ವಿ. ಕಾರ್ಯಕ್ರಮಗಳ ಬಗ್ಗೆ ಕೇಳುತ್ತಿದ್ದೆ. ಕೊನೆಯ ಕೆಲವು ವರ್ಷ ನಮ್ಮ ಸಂಸ್ಥೆಗೆ ಒಂದು ಸಾಮಾಜಿಕ ಜಾಲತಾಣದ ಕೆಲಸ ಸಿಕ್ಕಿತು. ಅದರ ಹೆಸರು ಇಲ್ಲಿ ಬೇಡ. ನಾವು ಬರೀ 'ತಾಣ' ಎನ್ನುತ್ತಿದ್ದೆವು. ತಾಣದವರು ತಮ್ಮ ಆ್ಯಪ್‌ನಲ್ಲಿ ಏನಾದರೂ ಬದಲಾಯಿಸಿದಾಗ, ಅದು ಹಳ್ಳಿ ಮತ್ತು ಸಣ್ಣ ಊರಿನ ಬಳಕೆದಾರರಿಗೆ ಹೇಗೆ ಅನ್ನಿಸಿತು ಎಂದು ಕೇಳಿಕೊಂಡು ಬರುವುದು ನಮ್ಮ ಕೆಲಸ. ಅವೇ ಮನೆಗಳಿಗೆ ಮತ್ತೆ ಮತ್ತೆ ಹೋಗಬೇಕು: ಬದಲಾವಣೆಗೆ ಮೊದಲೊಮ್ಮೆ, ಆದ ಮೇಲೊಮ್ಮೆ, ರೂಢಿಯಾದ ಮೇಲೊಮ್ಮೆ. ಇದಕ್ಕೆ ಅನುಕೂಲವಾಗಲೆಂದು ಎರಡು ಸೂಚನೆಗಳಿದ್ದವು. ಉತ್ತರ ಕೊಡುವವರ ನಂಬರನ್ನು ನಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಕು. ತಾಣದಲ್ಲಿ ಅವರನ್ನು ನಮ್ಮ ಖಾತೆಗೆ ಗೆಳೆಯರಾಗಿ ಸೇರಿಸಿಕೊಳ್ಳಬೇಕು. ಎಲ್ಲರೂ ಹಾಗೇ ಮಾಡುತ್ತಿದ್ದೆವು. ಸಾಬೂನಿನ ಕಾಲದಿಂದಲೂ ನಂಬರು ಬರೆದುಕೊಳ್ಳುವುದು ಇದ್ದೇ ಇತ್ತು. ಸಾಬೂನು ಯಾರ ನಂಬರನ್ನೂ ಓದುತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ತಾಣದ ಕೆಲಸ ಶುರುವಾದಾಗ ನನಗೆ ನಗು ಬರುತ್ತಿತ್ತು. ಸೊನ್ನದ ಬ್ಯಾರೇಜಿಗೆ ಹೋಗುವ ದಾರಿಯಲ್ಲಿ ನೀರೆತ್ತುವ ಮೋಟಾರು ರಿಪೇರಿ ಮಾಡುವ ಲತೀಫ್ ಚಾಚಾ ಎಂಬುವರಿದ್ದರು. ಗೆಳೆಯರ ಹುಟ್ಟುಹಬ್ಬವನ್ನು ಎಲ್ಲರಿಗೂ ಸಾರಿ ಹೇಳುವ ವ್ಯವಸ್ಥೆಯನ್ನು ತಾಣ ಆಗಷ್ಟೇ ದೊಡ್ಡದು ಮಾಡಿತ್ತು. ಅದರ ಬಗ್ಗೆ ಕೇಳಿದೆ.

"ಛಲೋ ಅದರಿ," ಅಂದರು. ನಾನು ಎದ್ದೆ. ಚಪ್ಪಲಿಯ ಪಟ್ಟಿಗೆ ಕೈ ಹಾಕಿದೆ.

"ಆದ್ರ ಸರ್ವೆ ಸರ, ಒಂದ್ ಮಾತು," ಅಂದರು. "ಜೂನ್ ಒಂದಕ್ಕ ನನ್ನ ಫೋನು ಪಾಗಲ್ ಆಗ್ತದ. ಅರ್ಧಾ ಊರು ಅವತ್ತ ಹುಟ್ಟ್ಯದ. ನಾನೂ ಅವತ್ತ, ನನ್ನ ತಮ್ಮನೂ ಅವತ್ತ, ನಮ್ಮ ಚಾಚಾನೂ ಅವತ್ತ. ಸಾಲಿ ಮಾಸ್ತರ ಒಂದ ದಿನದಾಗ ಎಲ್ಲಾರ್ನೂ ಪೈದಾ ಮಾಡಿ ಮನಿಗಿ ಹೋಗ್ಯಾನ. ಅವತ್ತ ಒಬ್ರಿಗೊಬ್ರು ಮುಬಾರಕ್ ಅನ್ಕೋತ ಕುಂತ್ರ ಮೋಟಾರು ಯಾರು ಕಟ್ಟಬೇಕು?"

ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದದ್ದು ನಿಮಗೂ ಗೊತ್ತಿರುತ್ತದೆ. ತಾಣದವರಿಗೆ ಗೊತ್ತಿರಲಿಲ್ಲ. ಈ ಜಿಲ್ಲೆಯ ಮಾಹಿತಿ ಕೆಟ್ಟಿದೆಯೇನೋ, ತನಿಖೆ ಮಾಡಿ ಎಂದು ಅವರು ಮೇಲಿನಿಂದ ಕೇಳಿದ್ದರು. ಇಲ್ಲ, ಮಂದಿ ಹುಟ್ಟಿದ್ದೇ ಹಾಗೆ ಎಂದು ಉತ್ತರ ಬರೆದೆ.

ಜೇವರ್ಗಿಯ ಶರಣಪ್ಪನವರದು ನಗುವ ಮಾತಲ್ಲ. ತೊಗರಿ ವ್ಯಾಪಾರಿ, ಬೆಳಿಗ್ಗೆ ಲಿಂಗಪೂಜೆಯಾಗದೆ ಫೋನು ಮುಟ್ಟುವವರಲ್ಲ. ಹಳೆಯ ಫೋಟೋಗಳನ್ನು ಪ್ರತಿ ವರ್ಷ ಅದೇ ದಿನ ಎತ್ತಿ ತೋರಿಸುವ 'ನೆನಪು' ಎಂಬುದು ಹೊಸದಾಗಿ ಬಂದಿತ್ತು. ಅವರೂ ಒಳಗೆ ಕೂತಾಗ ಛಲೋ ಅದ ಎಂದರು. ನಾನು ಮೆಟ್ಟಿಲಿಳಿದ ಮೇಲೆ ಹಿಂದೆ ಬಂದು, ತೀರಿಕೊಂಡ ಹೆಂಡತಿಯ ಫೋಟೋ ತೋರಿಸಿದರು. ಅದರ ಮೇಲೆ ಬಣ್ಣ ಬಣ್ಣದ ಬಲೂನುಗಳು ಹಾರುತ್ತಿದ್ದವು, ಸಂಗೀತ ಬರುತ್ತಿತ್ತು.

"ಫೋಟೋ ಇರ್ಲಿರಿ," ಅಂದರು. "ಬಲೂನು ಅಷ್ಟ ತೆಗಿಸ್ರಿ. ಹಾಡೂ ಬ್ಯಾಡ."

ಈ ಮಾತನ್ನು ಎಲ್ಲಿ ದಾಖಲಿಸುವುದು ಎಂಬುದೇ ನನ್ನ ತೊಂದರೆಯಾಗಿತ್ತು. ಕಾಗದದ ಕಾಲದಲ್ಲಿ ಬಾಗಿಲ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದು ಕಳಿಸುತ್ತಿದ್ದೆವು. ಯಾರಾದರೊಬ್ಬರು ಅದನ್ನು ಓದುತ್ತಿದ್ದರು. ಟ್ಯಾಬ್ ಬಂದ ಮೇಲೆ ಅಂಚೇ ಇಲ್ಲವಾಯಿತು. ಪ್ರಶ್ನೆಗಳು ಮುಗಿದ ಕೂಡಲೇ ಅಲ್ಲೇ ಕೂತು 'ಸಲ್ಲಿಸು' ಒತ್ತಬೇಕು. ಒತ್ತಿದ ಮೇಲೆ ಆ ಮನೆಯ ನಮೂನೆ ಮತ್ತೆ ತೆರೆಯುವುದಿಲ್ಲ. ನಮ್ಮ ಕಡೆಯ ಜನ ಮಾತಾಡಲು ಶುರುಮಾಡುವುದೇ ಅದರ ನಂತರ. ಇದನ್ನು ಕಲಬುರಗಿ ಕಚೇರಿಯ ಮೇಲ್ವಿಚಾರಕಿ ವಿನುತಾ ಮೇಡಂ ಅವರಿಗೆ ಹಲವು ಸಲ ಹೇಳಿದ್ದೆ. ಅವರು ಬೆಂಗಳೂರಿನ ಕಡೆಯವರು, ವಯಸ್ಸಿನಲ್ಲಿ ನನ್ನ ಮಗಳಷ್ಟು, ಒಳ್ಳೆಯವರು.

"ಹಾಗಾದ್ರೆ ಚಪ್ಪಲಿ ಹಾಕ್ಕೊಂಡೇ ಒಳಗೆ ಕೂತ್ಕೊಳ್ಳಿ ಸರ್," ಎಂದು ನಕ್ಕರು. ನಾನೂ ನಕ್ಕೆ.

ಇನ್ನು ಮುಂದೆ ಬರೆಯುವುದರಲ್ಲಿ ಕೆಲವನ್ನು ಬೇಕೆಂದೇ ಮುಚ್ಚಿದ್ದೇನೆ. ಹೆಂಗಸಿನ ಹೆಸರು ಬರೆಯುವುದಿಲ್ಲ. ಅವಳಿದ್ದ ಊರು ನನ್ನ ಪಾಲಿನ ತಾಲ್ಲೂಕುಗಳಲ್ಲಿ ಯಾವುದರದು ಎಂಬುದನ್ನೂ ಹೇಳುವುದಿಲ್ಲ. ನಾನು ಅವಳನ್ನು ತಂಗಿ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ತಂಗಿ ಹಿಟ್ಟಿನ ಗಿರಣಿಯ ಹಿಂದಿನ ಒಂದು ಖೋಲಿಯಲ್ಲಿ ಬಾಡಿಗೆಗಿದ್ದಳು. ಕುಪ್ಪಸ ಹೊಲಿಯುತ್ತಿದ್ದಳು. ಗಿರಣಿಯ ಹಿಟ್ಟು ಹಾರಿ ಬಂದು ಬಟ್ಟೆಯ ಮೇಲೆ ಕೂರುತ್ತಿತ್ತು; ಹೊಲಿದದ್ದನ್ನೆಲ್ಲ ಹಳೆಯ ಸೀರೆಯೊಂದರಿಂದ ಮುಚ್ಚಿಡುತ್ತಿದ್ದಳು. ಜೊತೆಗೆ ಶಾಲೆಗೆ ಹೋಗುವ ಒಬ್ಬ ಮಗಳು. ತಾಣದಲ್ಲಿ ಅವಳದೊಂದು ಖಾತೆ ಇತ್ತು. ಅದರಲ್ಲಿ ತನ್ನ ಹೆಸರಿನ ಬದಲು ಯಾವುದೋ ಟೇಲರ್ ಅಂಗಡಿಯ ಹೆಸರು ಹಾಕಿದ್ದಳು. ಮುಖದ ಬದಲು ಒಂದು ಕುಪ್ಪಸದ ಬೆನ್ನಿನ ಫೋಟೋ. ಹೊಲಿಸುವವರು ಅದನ್ನು ನೋಡಿಯೇ ಬರುತ್ತಿದ್ದರು. ಬೆನ್ನಿನ ಕಡೆ ಅವಳು ಹಾಕುತ್ತಿದ್ದ ಒಂದು ಕೈಕೆಲಸವಿತ್ತು. ಅದನ್ನು ನಾನು ಬೇರೆಯವರ ಹೊಲಿಗೆಯಲ್ಲಿ ಕಂಡಿಲ್ಲ. ಅದು ಎಂಥದ್ದೆಂದು ಬರೆದರೆ ಹೆಸರು ಬರೆದಂತೆಯೇ, ಆದ್ದರಿಂದ ಬಿಡುತ್ತೇನೆ. ಎಡಗೈಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ಮಷೀನಿಗೆ ಸಿಕ್ಕಿರಬೇಕು ಎಂದುಕೊಂಡಿದ್ದೆ.

ಆ ಸಲ ಕೇಳಬೇಕಾಗಿದ್ದದ್ದು 'ನಿಮಗೆ ಗೊತ್ತಿರಬಹುದಾದವರು' ಎಂಬುದರ ಬಗ್ಗೆ. ಇವರು ನಿಮ್ಮ ಪರಿಚಯದವರೇ ನೋಡಿ ಎಂದು ತಾಣ ತಾನಾಗಿಯೇ ಮುಖಗಳನ್ನು ತಂದು ತೋರಿಸುವುದು ಮೊದಲಿನಿಂದಲೂ ಇತ್ತು. ಹೊಸ ಬದಲಾವಣೆಯೆಂದರೆ ಅದು ಫೋನಿನಲ್ಲಿರುವ ನಂಬರುಗಳನ್ನೂ ನೋಡಿ ಮುಖ ಹುಡುಕುತ್ತಿತ್ತು, ಮತ್ತು ಇಬ್ಬರಿಗೂ ಪರಿಚಯವಿರುವವರ ಹೆಸರನ್ನು ಫೋಟೋದ ಕೆಳಗೆ ತೋರಿಸುತ್ತಿತ್ತು.

ನಾನು ಹೋದಾಗ ಖೋಲಿಯಲ್ಲಿ ಇಬ್ಬರು ಹೆಂಗಸರು ಅಳತೆ ಕೊಡಲು ಬಂದು ಕೂತಿದ್ದರು.

"ಆಕಿಗೇನು ಕೇಳ್ತೀರಿ ಸರ, ನನಗ ಕೇಳ್ರಿ," ಎಂದು ಒಬ್ಬಳು ಶುರುಮಾಡಿದಳು. "ಫೋನ್ ನೋಡ್ಕೋತ ಹೊಲ್ದು ನಂದು ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಮಾಡ್ಯಾಳ."

"ನಿನ್ನ ಕೈನೇ ಹಂಗ ಅವ ಅಕ್ಕಾ," ಅಂದಳು ತಂಗಿ, ಮಷೀನಿನಿಂದ ತಲೆಯೆತ್ತದೆ. "ದೇವ್ರಿಗಿ ಹೋಗಿ ಕೇಳು, ಅಳತಿ ಅಂವ ತಪ್ಯಾನ."

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ನನ್ನ ಪ್ರಶ್ನೆಗಳು ಮುಗಿದವು. ಎಲ್ಲದಕ್ಕೂ ತಂಗಿಯ ಉತ್ತರ ಛಲೋ ಅದರಿ. ಸಲ್ಲಿಸು ಒತ್ತಿ ಹೊರಗೆ ಬಂದೆ. ಚಪ್ಪಲಿಯ ಪಟ್ಟಿ ಎಳೆಯುತ್ತಿರುವಾಗ ಅವಳು ಸೆರಗಿನ ಕೆಳಗೆ ಫೋನು ಹಿಡಿದು ಹಿಂದೆಯೇ ಬಂದಳು. ಗಿರಣಿ ಓಡುತ್ತಿತ್ತು, ಒಳಗಿನವರಿಗೆ ನಮ್ಮ ಮಾತು ಕೇಳುವಂತಿರಲಿಲ್ಲ.

"ಅಣ್ಣಾರ, ಆ ಗೊತ್ತಿರಬಹುದಾದವರು ಅಂತ ಬರ್ತದಲ್ರಿ, ಅದನ್ನ ಬಂದ್ ಮಾಡ್ಲಿಕ್ಕ ಬರ್ತದೇನ್ರಿ?"

"ಯಾಕ ತಂಗಿ? ಈಗ ಒಳಗ ಛಲೋ ಅದ ಅಂದಿ."

"ಒಳಗ ಮಂದಿ ಇದ್ರಲ್ರಿ."

ಫೋನು ತೆರೆದು ತೋರಿಸಿದಳು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಒಬ್ಬ ಗಂಡಸಿನ ಫೋಟೋ. ಆ ಮುಖ ನನಗೆ ಗೊತ್ತಿತ್ತು. ಇನ್ನೊಂದು ತಾಲ್ಲೂಕಿನಲ್ಲಿ ಅವನ ಅಂಗಡಿಗೆ ನಾನು ಇದೇ ಕೆಲಸಕ್ಕೆ ಹೋಗಿ ಬಂದಿದ್ದೆ, ಅವನು ತರಿಸಿಕೊಟ್ಟ ಚಹಾ ಕುಡಿದಿದ್ದೆ.

"ಇವ್ರು ನಮ್ಮ ಬಾವ. ಗಂಡನ ಅಣ್ಣ," ಅಂದಳು. "ನಾ ಹೊಸಾ ನಂಬರ್ ತಗೊಂಡೀನಿ. ಹೆಸರು ಹಾಕಿಲ್ಲ, ಮಾರಿ ಹಾಕಿಲ್ಲ. ಅಲ್ಲಿಂದ ಬಂದ ಮ್ಯಾಲ ಒಬ್ರಿಗೂ ಫೋನ್ ಮಾಡಿಲ್ಲ, ನಮ್ಮವ್ವಗ ಸೈತ. ಇದಕ ಹ್ಯಾಂಗ ಗೊತ್ತಾತು ಅಂತ ಮುಂಜಾನಿಂದ ನೋಡಾಕತ್ತೇನಿ." ಮಡಚದ ಬೆರಳನ್ನು ಫೋಟೋದ ಕೆಳಗೆ ಇಟ್ಟಳು. "ಇಲ್ಲಿ ನಿಮ್ಮ ಹೆಸರದ."

ಇತ್ತು. ಇಬ್ಬರಿಗೂ ಗೊತ್ತಿರುವವರು: ಗುರುಪಾದ. ಪಕ್ಕದಲ್ಲಿ ನನ್ನದೇ ಸಣ್ಣ ಫೋಟೋ.

ನನ್ನ ಫೋನಿನಲ್ಲಿ ಅವಳ ನಂಬರಿತ್ತು, ಅವನ ನಂಬರೂ ಇತ್ತು. ಇಬ್ಬರೂ ನನ್ನ ಖಾತೆಯ ಗೆಳೆಯರು. ನನಗೆ ಅವರ ಸಂಬಂಧ ಗೊತ್ತಿರಲಿಲ್ಲ, ತಾಣಕ್ಕೂ ಗೊತ್ತಿರಲಿಲ್ಲ. ಇಬ್ಬರನ್ನೂ ಒಬ್ಬ ಮುದುಕ ಬಲ್ಲ, ಆದ್ದರಿಂದ ಇವರೂ ಒಬ್ಬರನ್ನೊಬ್ಬರು ಬಲ್ಲರೇನೋ ಎಂದು ಅದು ಊಹಿಸಿತ್ತು. ಇದನ್ನು ಆದಷ್ಟು ಬಿಡಿಸಿ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ಇವ್ರು ನನಗ ಕಂಡಾರಂದ್ರ ನಾನೂ ಇವ್ರಿಗಿ ಕಂಡಿರ್ತೇನಿ," ಅಂದಳು. "ಹೌದಲ್ರಿ?"

ನನ್ನ ಫೋನಿನಲ್ಲಿ ಅವಳ ಖಾತೆಯನ್ನು ತೆರೆದು ನೋಡಿದೆ.

"ಬರೇ ಕುಪ್ಪಸದ ಫೋಟೋ ತಂಗಿ, ಯಾರಿಗಿ ಗೊತ್ತಾಗ್ತದ?"

"ಆ ಮನ್ಯಾಗ ಎಲ್ಲಾ ಹೆಣ್ಮಕ್ಕಳ ಕುಪ್ಪಸ ನಾನ ಹೊಲ್ದೀನಿ ಅಣ್ಣಾರ. ಗೊತ್ತಾಗ್ತದ." ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಳು. "ಇದು ಮಷೀನಿಗಿ ಸಿಕ್ಕಿದ್ದಲ್ಲ. ನನ್ನ ಗಂಡ ಬಂದ್ರ ಈ ಸಲ ನನ್ನ ಒಯ್ಯಾಂಗಿಲ್ರಿ. ಮಗಳನ್ನ ಒಯ್ತಾನ."

ಅಲ್ಲೇ ನಿಂತು ಅವಳ ನಂಬರನ್ನು ನನ್ನ ಫೋನಿನಿಂದ ಅಳಿಸಿದೆ. ಖಾತೆಯಿಂದ ಅವಳನ್ನು ತೆಗೆದೆ. ಬಾವನನ್ನೂ ತೆಗೆದೆ.

"ಇಲ್ಲಿ ಅಳಸಿದ್ರ ಅಲ್ಲಿಂದನೂ ಹೋಗ್ತದೇನ್ರಿ?"

"ಗೊತ್ತಿಲ್ಲ ತಂಗಿ."

"ಖಾತೆ ಬಂದ್ ಮಾಡಿದ್ರ ಹೊಲ್ಸೋರು ಎಲ್ಲಿಂದ ಬರಬೇಕು?" ಎಂದು ತನಗೇ ಹೇಳಿಕೊಂಡಳು. ಆಮೇಲೆ ಒಳಗೆ ಹೋದಳು. ಮಷೀನಿನ ಸದ್ದು ಬರಲು ತಡವಾಯಿತು.

ಚೌಡಾಪುರದಲ್ಲಿ ಬಸ್ಸಿಗೆ ಕಾಯುತ್ತ ವಿನುತಾ ಮೇಡಂ ಅವರಿಗೆ ಫೋನ್ ಮಾಡಿದೆ. ಇದರಿಂದ ಊರನ್ನು ಊಹಿಸಲು ಹೋಗಬೇಡಿ. ನಾನು ಸುತ್ತು ಹಾಕಿಯಾದರೂ ಅಲ್ಲಿ ಇಳಿದು ಚಹಾ ಕುಡಿಯುವವನು. ಗಾಣಗಾಪುರಕ್ಕೆ ಹೋಗುವವರ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದೆ.

"ಅವರ ಉತ್ತರ ಏನಂತ ಹೋಗಿದೆ ಸರ್?" ಎಂದು ಮೇಡಂ ಕೇಳಿದರು.

"ಬಹಳ ಚೆನ್ನಾಗಿದೆ ಅಂತ."

"ಅದನ್ನ ತೆಗೆಸಿ ಬೇರೆ ಹಾಕ್ಬೇಕು ಅಂದ್ರೆ ಇಲ್ಲಿಂದ ಯಾರಾದ್ರೂ ಅವರಿಗೆ ಫೋನ್ ಮಾಡಿ ಖಾತ್ರಿ ಮಾಡ್ಕೋಬೇಕು. ಮಾತು ರೆಕಾರ್ಡ್ ಆಗುತ್ತೆ. ನಂಬರ್ ತಾಣದವರಿಗೂ ಹೋಗುತ್ತೆ. ಖಾತ್ರಿ ಇಲ್ಲದ ದೂರನ್ನ ಅವರು ಲೆಕ್ಕಕ್ಕೇ ತಗೊಳ್ಳಲ್ಲ."

"ನಂಬರ್ ಕೊಡಂಗಿಲ್ರಿ ಮೇಡಂ."

"ಕೊಡ್ಬೇಡಿ ಸರ್," ಅಂದರು. "ನಾನು ನನ್ನ ಹೆಸರಲ್ಲೇ ಮೇಲೆ ಬರೀತೀನಿ. ಯಾರೂ ಓದದೇ ಇದ್ರೆ ನನ್ನನ್ನ ಬೈಬೇಡಿ," ಅಂದರು.

ಹೊಸಬರು ಇದನ್ನು ಗಮನಿಸಬೇಕು. ಆ ಬದಲಾವಣೆಯಿಂದ ಯಾರಿಗೆ ಹೆಚ್ಚು ಭಯವಿತ್ತೋ ಅವರೇ ಅದರ ವಿರುದ್ಧ ಸಾಕ್ಷಿ ಹೇಳಲು ಆಗದವರು. ನಮ್ಮ ವರದಿಯಲ್ಲಿ ಅವರು 'ಬಹಳ ಚೆನ್ನಾಗಿದೆ' ಎಂದವರ ಜೊತೆ ಸೇರಿರುತ್ತಾರೆ. ವರದಿ ಓದುವವರಿಗೆ ಅದು ಕಾಣುವುದಿಲ್ಲ. ಕೇಳಲು ಹೋದ ನಿಮಗೆ ಮಾತ್ರ ಕಾಣುತ್ತದೆ.

ಬಾವನ ಅಂಗಡಿಗೆ ಎರಡನೆಯ ಭೇಟಿ ನನ್ನ ಪಾಲಿಗೆ ಇದ್ದೇ ಇತ್ತು. ಬೇರೆಯವರನ್ನು ಕಳಿಸಿ ಎಂದು ಕೇಳಬಹುದಿತ್ತು. ಆದರೆ ಬೇರೆಯವರು ಹೋದರೆ ಅವನು ಆ ಫೋಟೋ ನೋಡಿದ್ದಾನೋ ಇಲ್ಲವೋ ಎಂಬುದು ನನಗೆ ತಿಳಿಯುವುದಿಲ್ಲ. ಹೋದರೆ, ನನ್ನ ಮುಖ ನೋಡಿದ ಕೂಡಲೇ ಅವನಿಗೆ ಆ ಫೋಟೋದ ಕೆಳಗಿನ ಹೆಸರು ನೆನಪಾಗಬಹುದು. ಎರಡನ್ನೂ ಹಲವು ದಿನ ತೂಗಿ ನೋಡಿದೆ. ಕೊನೆಗೆ ಹೋದೆ.

ರಸಗೊಬ್ಬರದ ಅಂಗಡಿ ಎಂದಿಟ್ಟುಕೊಳ್ಳಿ. "ಬರ್ರಿ ಸರ್ವೆ ಸರ, ಕುಂದರ್ರಿ," ಎಂದು ಚೀಲಗಳ ಮೇಲೆ ಜಾಗ ಮಾಡಿದ. ಚಹಾ ಬಂತು. ಟ್ಯಾಬ್ ತೆಗೆದು ಪ್ರಶ್ನೆಗಳನ್ನು ಶುರುಮಾಡಿದೆ. ಗೊತ್ತಿರಬಹುದಾದವರು ಎಂಬ ಪ್ರಶ್ನೆ ಬಂದಾಗ, ಉತ್ತರಿಸುವವರು ತಮ್ಮ ಫೋನಿನಲ್ಲಿ ಆ ಜಾಗವನ್ನು ತೆರೆದು ನೋಡಿಕೊಂಡು ಹೇಳಬೇಕು ಎಂಬುದು ನಿಯಮ. ಅದನ್ನು ಬಿಟ್ಟು ಮುಂದೆ ಹೋಗೋಣವೆಂದುಕೊಂಡೆ. ಅಷ್ಟರಲ್ಲಿ ಅವನೇ ತೆರೆದಿದ್ದ.

ಹೆಬ್ಬೆರಳಿನಿಂದ ಒಂದೊಂದೇ ಮುಖವನ್ನು ಮೇಲಕ್ಕೆ ತಳ್ಳತೊಡಗಿದ. "ಇಂವ ನಮ್ಮ ಗಿರಾಕಿ. ಇಂವ ಉದ್ದರಿ ಗಿರಾಕಿ, ಇಂವನ್ನ ಇಲ್ಲೂ ನೋಡೂದು ಬ್ಯಾಡ. ಇಂವ ಯಾರೋ." ಬೆರಳು ನಿಂತಿತು. ನಾನು ಕೂತಲ್ಲಿಂದಲೇ ಕುಪ್ಪಸದ ಬಣ್ಣ ಕಂಡಿತು. ನಾನು ಅಳಿಸಿದ್ದರೂ ಅದು ಅಲ್ಲಿಂದ ಹೋಗಿರಲಿಲ್ಲ.

"ಇದ್ಯಾರೋ ಟೇಲರ್. ಕೆಳಗ ನಿಮ್ಮ ಹೆಸರದ ನೋಡ್ರಿ. ನಿಮಗ ಗೊತ್ತೇನ್ರಿ?"

ನನ್ನ ಕೆಲಸದುದ್ದಕ್ಕೂ ನಾನು ಯಾರ ಉತ್ತರವನ್ನೂ ತಿದ್ದಿದವನಲ್ಲ. ಮನೆಗೆ ಬೀಗ ಹಾಕಿದ್ದರೆ ಬೀಗ ಹಾಕಿತ್ತು ಎಂದೇ ಬರೆದವನು. ಆಗ ನನ್ನ ಬಾಯಿಂದ ಬಂದ ಮಾತು ಇದು:

"ನಮ್ಮ ಮನ್ಯಾಕಿ ಅಲ್ಲಿ ಹೊಲಸ್ತಾಳ್ರಿ. ಸೋಲಾಪುರದಾಗ. ಆಕಿ ತವರು ಅಲ್ಲೇ ಅದ."

ತವರು ಸೋಲಾಪುರವೆಂಬುದು ನಿಜ. ಉಳಿದದ್ದು ಸುಳ್ಳು.

"ಕುಪ್ಪಸಕ್ಕ ಸೋಲಾಪುರ ತನಾ ಹೋಗ್ತಾರ?" ಎಂದು ಅವನು ನಕ್ಕ. "ಸರ್ವೆಯವರ ಮನ್ಯಾಗ ಭಾರೀ ಶೋಕಿ ಅದ ಬಿಡ್ರಿ." ಫೋಟೋದ ಮೂಲೆಯ ಗುರುತನ್ನು ಒತ್ತಿ ಅದನ್ನು ತೆಗೆದುಹಾಕಿದ. ಮುಂದಿನ ಮುಖ ಬಂತು. "ಬರ್ಕೋರಿ, ಛಲೋ ಅದ ಅಂತ. ಎಲ್ಲಾ ಛಲೋ ಅದ."

ಬರೆದುಕೊಂಡೆ. ಚಹಾ ಪೂರ್ತಿ ಕುಡಿಯಲಾಗಲಿಲ್ಲ. ಸಲ್ಲಿಸು ಒತ್ತಿ, ಎದ್ದು, ಹೊರಗೆ ಬಂದೆ. ಅವತ್ತು ಚಪ್ಪಲಿಯ ಪಟ್ಟಿಯನ್ನು ಹಾಕಿಕೊಳ್ಳದೆ ಹಿಮ್ಮಡಿಯಲ್ಲಿ ತುಳಿದುಕೊಂಡೇ ಹೊರಟಿದ್ದೆ. ಬಾಗಿಲ ಮಾತು ನನಗೆ ಬೇಕಾಗಿರಲಿಲ್ಲ.

"ಸರ," ಎಂದು ಹಿಂದಿನಿಂದ ಕರೆದ.

ನಿಂತೆ. ಅವನು ಅಂಗಡಿಯ ಮೆಟ್ಟಿಲಿಳಿದು ನನ್ನ ಹತ್ತಿರ ಬಂದ. ರಸ್ತೆಯ ಆ ಕಡೆ ಈ ಕಡೆ ನೋಡಿದ.

"ಆ ಬೆನ್ನಿನ ಮ್ಯಾಲಿನ ಕೆಲಸ ಅದಲ್ರಿ, ನಮ್ಮ ಮನ್ಯಾಗ ಒಬ್ಬಾಕಿ ಹಂಗ ಹೊಲಿತಿದ್ಲು. ನನ್ನ ಹೇಣ್ತಿ ಪೆಟಿಗ್ಯಾಗ ಇನ್ನೂ ಅಂಥಾವು ಅವ."

ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಅವನ ಅಂಗಿಯ ಗುಂಡಿಯನ್ನು ನೋಡುತ್ತಿದ್ದೆ.

"ಸೋಲಾಪುರ ಅಂದ್ರಲ್ಲ. ಸೋಲಾಪುರದಾಗೇ ಇರ್ಲಿ ಬಿಡ್ರಿ," ಅಂದ. "ಹುಡುಗಿ ಸಾಲಿಗಿ ಹೋಗ್ತದೇನು?"

ಉತ್ತರ ಕೊಟ್ಟರೆ ಸುಳ್ಳು ಒಡೆಯುತ್ತದೆ, ಕೊಡದಿದ್ದರೂ ಒಡೆಯುತ್ತದೆ. ನಾನು ತಲೆಯನ್ನು ಆಡಿಸಿದೆನೋ ಇಲ್ಲವೋ ನನಗೇ ಸರಿಯಾಗಿ ನೆನಪಿಲ್ಲ. ಬಹಳ ಸಲ ನೆನಪಿಸಿಕೊಳ್ಳಲು ಯತ್ನಿಸಿದ್ದೇನೆ.

"ನಮ್ಮ ತಮ್ಮಗ ಈ ಫೋನಿಂದು ಏನೂ ತಿಳ್ಯಾಂಗಿಲ್ಲ," ಅಂದ. "ನಾ ಅಂತೂ ಕಲ್ಸಂಗಿಲ್ಲ." ಮೆಟ್ಟಿಲು ಹತ್ತಿ ಒಳಗೆ ಹೋಗಿ, ಗಿರಾಕಿಯೊಬ್ಬನ ಮೇಲೆ ಗಟ್ಟಿಯಾಗಿ ರೇಗತೊಡಗಿದ.

ಬಾಗಿಲ ಮಾತು ಸುಳ್ಳಾದದ್ದನ್ನು ನಾನು ನನ್ನ ಕೆಲಸದಲ್ಲಿ ಕಂಡಿರಲಿಲ್ಲ. ಇದೂ ನಿಜವೆಂದೇ ಅನ್ನಿಸಿತು. ಆದರೂ ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಹಾಕತೊಡಗಿದೆ. ಅವನು ನಿಜವನ್ನೇ ಹೇಳಿದ್ದರೂ ತಂಗಿಯ ಸುಳಿವು ಬಲ್ಲವರು ಈಗ ಆ ಮನೆಯಲ್ಲೇ ಒಬ್ಬರಾಗಿದ್ದರು, ಪೆಟ್ಟಿಗೆಯಲ್ಲಿ ಕುಪ್ಪಸ ಇಟ್ಟುಕೊಂಡಿದ್ದ ಹೆಂಡತಿಯೂ ನೋಡಿದ್ದರೆ ಇಬ್ಬರು.

ತಂಗಿಗೆ ಫೋನ್ ಮಾಡಲು ನಂಬರು ಇರಲಿಲ್ಲ, ನಾನೇ ಅಳಿಸಿದ್ದೆ. ಮರುದಿನ ಗಿರಣಿಗೆ ಹೋದೆ. ಖೋಲಿಯಲ್ಲಿ ಅವಳೊಬ್ಬಳೇ ಇದ್ದಳು. ಒಳಗೆ ಕೂರಲಿಲ್ಲ, ಹೊಸ್ತಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದೆ, ಸೋಲಾಪುರದ ಸುಳ್ಳನ್ನೂ ಸೇರಿಸಿ. ಮಗಳ ಬಗ್ಗೆ ಕೇಳಿದ ಎಂದಾಗ ಅವಳ ಕೈ ಮಷೀನಿನ ಗಾಲಿಯ ಮೇಲೆ ನಿಂತಿತು.

"ಬಾವ ಛಲೋ ಮನಷ್ಯಾರ್ರಿ," ಅಂದಳು. "ಅವತ್ತ ನನಗ ದವಾಖಾನಿಗಿ ಒಯ್ದಿದ್ದೂ ಅವ್ರೇ. ಅಲ್ಲಿ ಡಾಕ್ಟರಗ ಬಾಗಲದಾಗ ಕೈ ಸಿಕ್ಕದ ಅಂತ ಹೇಳಿದ್ದೂ ಅವ್ರೇ."

"ಹಂಗಾದ್ರ?"

"ಹಂಗಾದ್ರ ಏನಿಲ್ರಿ. ಮನಷ್ಯಾರು ಛಲೋ ಅದಾರ. ತಮ್ಮ ಎದುರು ನಿಂತ್ರ ಅವ್ರ ಬಾಯಾಗ ಏನೂ ಉಳಿಯಾಂಗಿಲ್ಲ." ಗಾಲಿ ಮತ್ತೆ ತಿರುಗಿತು. "ನೀವು ಚಿಂತಿ ಮಾಡಬ್ಯಾಡ್ರಿ ಅಣ್ಣಾರ. ಮೊದಲ ನಿಮ್ಮ ಮಾರಿ ನೋಡ್ಕೋರಿ, ಬಿಳಿಚ್ಕೊಂಡದ. ಚಹಾ ಕುಡೀರಿ."

ಚಹಾ ಕುಡಿದೆ. ಅವಳು ಊರು ಬಿಡುತ್ತಾಳೆಂದು ತಿಳಿಯಿತು; ಎಲ್ಲಿಗೆ ಹೋಗುತ್ತೀ ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಂದಿನ ಭೇಟಿಗೆ ಹೋದಾಗ ಖೋಲಿಯಲ್ಲಿ ಬೇರೆ ಸಂಸಾರವಿತ್ತು. ಗಿರಣಿಯವನು, "ಮಷೀನು ಟಂಟಂ ಆಟೋದಾಗ ಹಾಕ್ಕೊಂಡು ಹೋದ್ಲರಿ, ಬಾಡಗಿ ಚುಕ್ತಾ ಮಾಡ್ಯಾಳ," ಎಂದ. ತೋಳಿನ ಅಳತೆಯ ಹೆಂಗಸು ಅಲ್ಲೇ ಹಿಟ್ಟು ಬೀಸಿಸುತ್ತಿದ್ದಳು. "ನನ್ನ ಕುಪ್ಪಸ ಸರಿ ಮಾಡೇ ಕೊಟ್ಟು ಹೋಗ್ಯಾಳ್ರಿ ಸರ, ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲ," ಅಂದಳು. ಟ್ಯಾಬ್‌ನಲ್ಲಿ 'ಮನೆ ಖಾಲಿ' ಎಂಬುದನ್ನು ಒತ್ತಿದೆ. ಅಲ್ಲಿ ಕಾರಣ ಕೇಳುವುದಿಲ್ಲ.

ನಾನು ನಿವೃತ್ತನಾಗುವ ಹೊತ್ತಿಗೆ ತಾಣದವರು ಆ ಬದಲಾವಣೆಯ ಒಂದು ಭಾಗವನ್ನು ಹಿಂದಕ್ಕೆ ತೆಗೆದುಕೊಂಡರು. ಫೋಟೋದ ಕೆಳಗೆ ಹೆಸರು ತೋರಿಸುವುದನ್ನು ಬಿಟ್ಟರು. ನಿಮ್ಮ ಅಭಿಪ್ರಾಯಗಳನ್ನು ಆಲಿಸಿದ್ದೇವೆ ಎಂದು ಎಲ್ಲರ ಫೋನಿಗೂ ಒಂದು ಸಾಲು ಬಂತು. ಯಾರ ಅಭಿಪ್ರಾಯ ಎಂದು ಅದರಲ್ಲಿರಲಿಲ್ಲ. ವಿನುತಾ ಮೇಡಂ ಅವರಿಗೆ ಫೋನ್ ಮಾಡಿ ಕೇಳಿದೆ. ತಮ್ಮ ಪತ್ರಕ್ಕೆ ಉತ್ತರ ಬಂದಿರಲಿಲ್ಲ ಎಂದರು. ಮುಖಗಳನ್ನು ತೋರಿಸುವುದು ಮಾತ್ರ ಈಗಲೂ ಇದೆ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿಷ್ಟು. ಕೆಲಸದ ಫೋನು ಬೇರೆ ಇಟ್ಟುಕೊಳ್ಳಿ. ಯಾರನ್ನೂ ನಿಮ್ಮ ಖಾತೆಗೆ ಸೇರಿಸಿಕೊಳ್ಳಬೇಡಿ, ಮೇಲಿನವರು ಹೇಳಿದರೂ ಕಾರಣ ಬರೆದು ಕೊಡಿ. ಎರಡು ಊರುಗಳ ನಡುವೆ ನೀವು ಓಡಾಡಿದಾಗ ನಿಮ್ಮ ಹಿಂದೆ ಒಂದು ದಾರಿ ಬೀಳುತ್ತದೆ. ಆ ದಾರಿಯಲ್ಲಿ ಬೇರೆಯವರೂ ನಡೆಯಬಹುದು. ನಾನು ಈಗ ಬಸ್ಸಿನಲ್ಲಿ ಯಾರಾದರೂ ಫೋನ್ ನಂಬರ್ ಕೇಳಿದರೆ ಕೊಡುವ ಮೊದಲು ತಡೆಯುತ್ತೇನೆ. ಅವರು ನನ್ನನ್ನು ಜಂಬದವನು ಎಂದುಕೊಳ್ಳುತ್ತಾರೆ.

ಇದನ್ನೆಲ್ಲ ಬರೆಯಬೇಕೆನ್ನಿಸಿದ್ದು ಇತ್ತೀಚೆಗೆ ನಡೆದ ಒಂದು ಸಂಗತಿಯಿಂದ. ಮಧ್ಯಾಹ್ನ ಊಟವಾಗಿ ಫೋನು ನೋಡುತ್ತಿದ್ದೆ. ಗೊತ್ತಿರಬಹುದಾದವರು ಎಂದು ಮುಖಗಳು ಬಂದವು. ಹಳೆಯ ಸಹೋದ್ಯೋಗಿ ಒಬ್ಬರು, ಲತೀಫ್ ಚಾಚಾ ಅವರ ತಮ್ಮ, ಆಮೇಲೆ ಒಂದು ಕುಪ್ಪಸದ ಬೆನ್ನು. ಹೆಸರಿನ ಜಾಗದಲ್ಲಿ ಬೇರೊಂದು ಟೇಲರ್ ಹೆಸರು. ಊರಿನ ಜಾಗ ಖಾಲಿ. ಬೆನ್ನಿನ ಮೇಲೆ ಅದೇ ಕೈಕೆಲಸ.

ಅವಳ ನಂಬರು ನನ್ನಲ್ಲಿಲ್ಲ. ಆದ್ದರಿಂದ ನನ್ನ ನಂಬರು ಅವಳ ಫೋನಿನಲ್ಲಿ ಇನ್ನೂ ಇದೆ ಎಂದಾಯಿತು. ಅವಳು ಅದನ್ನು ಇಟ್ಟುಕೊಂಡಿದ್ದಾಳೆ. ಎಲ್ಲೋ ಇದ್ದಾಳೆ, ಹೊಲಿಯುತ್ತಿದ್ದಾಳೆ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಹಿಂದೆ ಬರೀ ಗೋಡೆ. ಮಗಳು ಯಾವ ತರಗತಿಯಲ್ಲಿದ್ದಾಳೆ ಎಂದು ಕೇಳಬೇಕೆನ್ನಿಸಿತು. ಸೇರಿಸು ಎಂಬುದನ್ನು ಒತ್ತಿದರೆ ಒಂದು ಮಾತು ಕೇಳಬಹುದಿತ್ತು. ನನ್ನ ಫೋನಿನಲ್ಲಿ ಇನ್ನೂ ಯಾವ ಯಾವ ಊರಿನವರ ನಂಬರುಗಳಿವೆ ಎಂಬುದು ನೆನಪಾಯಿತು.

ಮೂಲೆಯ ಗುರುತನ್ನು ಒತ್ತಿ ತೆಗೆದುಹಾಕಿದೆ. ಏಕೆ ತೆಗೆಯುತ್ತಿದ್ದೀರಿ ಎಂದು ತಾಣ ಕೇಳಿತು. ಮೂರು ಉತ್ತರಗಳನ್ನು ಕೊಟ್ಟಿತ್ತು: ಇವರು ನನಗೆ ಗೊತ್ತಿಲ್ಲ; ಗೊತ್ತು, ಆದರೆ ಸೇರಿಸಿಕೊಳ್ಳುವುದಿಲ್ಲ; ಇತರೆ.

ಮೊದಲನೆಯದನ್ನು ಒತ್ತಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು ಎಂದು ಬಂತು.